ಒಂದೇ ರೊಟ್ಟಿ, ಒಂದೇ ಪಾತ್ರೆ

ಓದತಕ್ಕ ವೇದಭಾಗ: 1 ಕೊರಿಂಥ 10:14–17, 11:17–34.

ಕರ್ತನ ರಾತ್ರಿಭೋಜನದ ಕುರಿತು ನಮ್ಮ ಗ್ರಾಮಸಭೆಗಳಲ್ಲಿ ಎರಡು ತರದ ಭಯವಿರುವದುಂಟು. ನಾನು ಪಾಪಿ, ಆ ಮೇಜಿನ ಬಳಿಗೆ ಹೋದರೆ ಕೇಡು ಬಂದೀತು ಎಂದು ದೂರ ನಿಲ್ಲುವವರ ಭಯವು ಒಂದು. ಆ ಮನೆಯವನು ಕುಡಿದ ಪಾತ್ರೆಯಲ್ಲಿ ನಾನು ಹೇಗೆ ಕುಡಿಯಲಿ ಎಂದು, ಬಾಯಿಬಿಟ್ಟು ಹೇಳದೆ, ಮನಸ್ಸಿನೊಳಗೆ ಅಂದುಕೊಳ್ಳುವವರ ಭಯವು ಮತ್ತೊಂದು. ಅಯೋಗ್ಯವಾಗಿ ತಿನ್ನುವದನ್ನು ಕುರಿತು ಅಪೊಸ್ತಲನಾದ ಪೌಲನು ಕೊಟ್ಟ ಎಚ್ಚರಿಕೆಯು ಇವರಿಬ್ಬರಲ್ಲಿ ಯಾರಿಗೆ ತಗಲುತ್ತದೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಕೊರಿಂಥವು ಗ್ರೀಸ್ ದೇಶದಲ್ಲಿ ಎರಡು ರೇವುಗಳ ನಡುವೆ ಇದ್ದ ವ್ಯಾಪಾರದ ಪಟ್ಟಣ. ಕ್ರಿ.ಪೂ. 146ರಲ್ಲಿ ರೋಮಾಯರು ಅದನ್ನು ಹಾಳುಮಾಡಿದರು, ಕ್ರಿ.ಪೂ. 44ರಲ್ಲಿ ಯೂಲಿಯ ಕೈಸರನ ಅಪ್ಪಣೆಯಿಂದ ಅದು ತಿರಿಗಿ ನೆಲೆಗೊಂಡಿತು. ಅಲ್ಲಿನ ಸಭೆಯಲ್ಲಿ ಹಣವಂತರು ಕೆಲವರು, ಬಡವರೂ ದಾಸರೂ ಅನೇಕರು. ಆ ಕಾಲದಲ್ಲಿ ದೇವಾಲಯದ ಕಟ್ಟಡಗಳಿರಲಿಲ್ಲ. ಸಭೆಯು ಅನುಕೂಲವಂತರ ಮನೆಗಳಲ್ಲಿ ಕೂಡುತ್ತಿತ್ತು. ಅಂಥ ಮನೆಯ ಊಟದ ಕೋಣೆಯಲ್ಲಿ ಮೂರು ಕಡೆ ಮಂಚಗಳನ್ನು ಹಾಕಿದರೆ ಸುಮಾರು ಒಂಬತ್ತು ಮಂದಿ ಒರಗಿ ಉಣ್ಣಬಹುದು. ಉಳಿದವರಿಗೆ ಹೊರಗಿನ ಅಂಗಳವೇ ಗತಿ. ಒಳಗೆ ಯಾರು, ಹೊರಗೆ ಯಾರು ಎಂಬದನ್ನು ನಮ್ಮ ಊರಿನವರಿಗೆ ವಿವರಿಸಬೇಕಾದದ್ದಿಲ್ಲ.

ಇದು ರೋಮಾಯರಲ್ಲಿ ನಡೆಯುತ್ತಿದ್ದ ಮರ್ಯಾದೆಯೇ. ಪೌಲನ ತರುವಾಯ ಸುಮಾರು ಐವತ್ತು ವರುಷಗಳಲ್ಲಿ ಪ್ಲಿನಿಯನೆಂಬ ಗ್ರಂಥಕರ್ತನು ತಾನು ಕಂಡ ಒಂದು ಔತಣವನ್ನು ಪತ್ರದಲ್ಲಿ ಬರೆದಿದ್ದಾನೆ. ಆ ಯಜಮಾನನು ತನಗೂ ತನ್ನ ಸಮಾನರಿಗೂ ಉತ್ತಮವಾದದ್ದನ್ನೂ ಮಿಕ್ಕವರಿಗೆ ಅಗ್ಗದ ಚೂರುಗಳನ್ನೂ ಬಡಿಸಿದನು. ದ್ರಾಕ್ಷಾರಸವನ್ನು ಸಹ ಮೂರು ತರವಾಗಿ ಹಂಚಿದನು. ಪ್ಲಿನಿಯು ಕ್ರೈಸ್ತನಲ್ಲ, ಆದರೂ ಅವನಿಗೆ ಅದು ಹೇಸಿಕೆಯಾಗಿ ತೋಚಿತು.

ಇಂಥ ಪದ್ಧತಿಯು ಕೊರಿಂಥದ ಸಭೆಯೊಳಗೂ ನುಗ್ಗಿತು. ಬಿಡುವುಳ್ಳವರು ಮುಂದಾಗಿ ಬಂದು ತಮ್ಮದನ್ನು ಉಂಡುಬಿಡುವರು. ದಾಸನ ಹೊತ್ತು ಅವನ ಕೈಯಲ್ಲಿಲ್ಲ. ಅವನು ಕೆಲಸ ತೀರಿಸಿ ಬರುವಷ್ಟರಲ್ಲಿ ಒಬ್ಬನು ಹಸಿದಿರುವನು, ಮತ್ತೊಬ್ಬನು ಅಮಲೇರಿರುವನು. ಪೌಲನು ಇದನ್ನು ಕೇಳಿ, ನೀವು ಕೂಡಿಬಂದು ಉಣ್ಣುವದು ಕರ್ತನ ಭೋಜನವೇ ಅಲ್ಲವೆಂಬಷ್ಟು ಕಠಿಣವಾಗಿ ಬರೆದನು. ಗಮನಿಸಿರಿ: ರೊಟ್ಟಿಯಲ್ಲಿ ತಪ್ಪಿತ್ತೆಂದಾಗಲಿ, ಪ್ರಾರ್ಥನೆಯ ಮಾತುಗಳು ತಪ್ಪಿದವೆಂದಾಗಲಿ ಅವನು ಹೇಳುವದಿಲ್ಲ. ಎಲ್ಲಾ ಕ್ರಮವಾಗಿದ್ದರೂ, ಇಲ್ಲದವರನ್ನು ನಾಚಿಕೆಪಡಿಸಿದ್ದರಿಂದಲೇ ಭೋಜನವು ಕೆಟ್ಟುಹೋಯಿತು.

ಆದದರಿಂದ "ಅಯೋಗ್ಯವಾಗಿ" ಎಂಬ ಮಾತು ಉಣ್ಣುವ ರೀತಿಯನ್ನು ತೋರಿಸುತ್ತದೆಯೇ ಹೊರತು ಉಣ್ಣುವವನ ಪುಣ್ಯವನ್ನು ಅಳೆಯುವದಿಲ್ಲ. ಪುಣ್ಯವಂತರಿಗಾಗಿ ಆ ಮೇಜು ಇಡಲ್ಪಡಲೂ ಇಲ್ಲ. ತನ್ನನ್ನು ಪರೀಕ್ಷಿಸಿಕೊಳ್ಳಬೇಕೆಂದು ಅಪೊಸ್ತಲನು ಹೇಳಿದ ಬಳಿಕ, ಮನೆಗೆ ಹೋಗಲಿ ಎನ್ನುವದಿಲ್ಲ. ಹಾಗೆ ಪರೀಕ್ಷಿಸಿಕೊಂಡು ತಿನ್ನಲಿ ಎನ್ನುತ್ತಾನೆ. ಇನ್ನು 29ನೆಯ ವಚನದಲ್ಲಿ ದೇಹವನ್ನು ವಿವೇಚಿಸದಿರುವದೆಂದರೆ ಏನು? ಕರ್ತನು ಕೊಟ್ಟ ಶರೀರವನ್ನು ಮರೆಯುವದೆಂದು ಕೆಲವು ಬೋಧಕರು ಹೇಳುತ್ತಾರೆ, ಸಭೆಯೆಂಬ ದೇಹವನ್ನು ಕಾಣದಿರುವದೆಂದು ಬೇರೆ ಕೆಲವರು. ಆದರೆ ರೊಟ್ಟಿ ಒಂದೇ ಆಗಿರುವದರಿಂದ ಅನೇಕರಾದ ನಾವು ಒಂದೇ ದೇಹವೆಂಬ ಉಪದೇಶವು ಅದೇ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿರುವಾಗ, ಎರಡನೆಯ ಅರ್ಥವನ್ನು ಬಿಟ್ಟು ಓದುವದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ. ರಾಗಿಯ ಮುದ್ದೆಯನ್ನು ಮುರಿದು, ಈ ಕಾಳು ಗೌಡನ ಹೊಲದ್ದು, ಈ ಕಾಳು ತೋಟಿಯ ಹೊಲದ್ದು ಎಂದು ಯಾರು ಆರಿಸಬಲ್ಲರು?

ಈ ದೇಶದ ಸಭೆಯಲ್ಲಿಯೂ ಹಾಗೆ ಆರಿಸುವ ಪ್ರಯತ್ನ ನಡೆಯಿತು. ತಂಜಾವೂರಿನ ಸೀಮೆಯಲ್ಲಿ ಕ್ರೈಸ್ತರು ಜಾತಿಗೆ ತಕ್ಕಂತೆ ಬೇರೆ ಬೇರೆ ಚಾಪೆಗಳ ಮೇಲೆ ಕೂತು, ಬೇರೆ ಬೇರೆ ಹೊತ್ತಿನಲ್ಲಿ ಮೇಜಿಗೆ ಬರುತ್ತಿದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪರಾದ ಡೇನಿಯಲ್ ವಿಲ್ಸನರು ಸಭೆಯೊಳಗೆ ಜಾತಿಭೇದವನ್ನು ಪೂರ್ಣವಾಗಿ ಬಿಡಬೇಕೆಂದು ಪತ್ರ ಬರೆದಾಗ ಅನೇಕರು ಸಭೆಯನ್ನೇ ಬಿಟ್ಟುಹೋದರು. ಪಾತ್ರೆಗಿಂತ ಜಾತಿಯು ಅವರಿಗೆ ಪ್ರಿಯವಾಗಿತ್ತು.

ಮಿಶನರಿಗಳಲ್ಲಿಯೂ ಭೇದವಿಲ್ಲದಿರಲಿಲ್ಲ. ಒಂದು ಸಂಘದವರು ಮತ್ತೊಂದು ಸಂಘದವರ ಮೇಜಿಗೆ ಹೋಗಬಾರದೆಂಬ ಕಟ್ಟಳೆಗಳಿದ್ದವು. 1919ರಲ್ಲಿ ತರಂಗಂಬಾಡಿಯಲ್ಲಿ, ಬಿಷಪ್ ಅಜರಯ್ಯನವರೂ ಇತರರೂ ಕೂಡಿ, ಹೊರದೇಶಗಳಲ್ಲಿ ಹುಟ್ಟಿದ ಈ ಭೇದಗಳು ನಮ್ಮ ಮೇಲೆ ಹೊರಿಸಲ್ಪಟ್ಟವೆಂದು ಪ್ರಕಟಿಸಿದರು. ಇಪ್ಪತ್ತೆಂಟು ವರುಷಗಳ ಮಾತುಕತೆಯ ತರುವಾಯ, 1947ನೆಯ ಸೆಪ್ಟೆಂಬರ 27ರಲ್ಲಿ, ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾಯಿತು. ಅಜರಯ್ಯನವರು ಅದನ್ನು ಕಾಣಲಿಲ್ಲ, 1945ರಲ್ಲಿಯೇ ತೀರಿಹೋಗಿದ್ದರು. ಸಂಘಗಳ ಭೇದವು ಹೀಗೆ ಬಹಳ ಮಟ್ಟಿಗೆ ಹೋಯಿತು. ಕೇರಿಗಳ ಭೇದವು ಹೋಯಿತೋ ಎಂಬದನ್ನು ಪ್ರತಿಯೊಂದು ಸಭೆಯು ತಾನೇ ಹೇಳಬೇಕು.

ರೋಗದ ಭಯದಿಂದ ಕೆಲವೆಡೆ ಚಿಕ್ಕ ಚಿಕ್ಕ ಲೋಟಗಳನ್ನು ಇಟ್ಟಿದ್ದಾರೆ. ಅದರಲ್ಲಿ ದೋಷವಿಲ್ಲ. ಆದರೆ ರೋಗದ ಹೆಸರಿನಲ್ಲಿ ಜಾತಿಯನ್ನು ಬಚ್ಚಿಟ್ಟರೆ ಕರ್ತನು ಮೋಸಹೋಗುವನೇ? ಹೊಲದ ಗಡಿಗೋಸ್ಕರ ಅಣ್ಣನೊಡನೆ ಮಾತು ಬಿಟ್ಟವನು ಮತ್ತಾಯ 5:23, 24ನ್ನು ಓದಿ, ಮೊದಲು ಅಣ್ಣನ ಮನೆಗೆ ಹೋಗಲಿ.

ಪೌಲನು ಕೊರಿಂಥದವರಿಗೆ ಕೊನೆಗೆ ಕೊಟ್ಟ ಅಪ್ಪಣೆಯು ಬಹಳ ಸಣ್ಣದು: ಒಬ್ಬರಿಗೋಸ್ಕರ ಒಬ್ಬರು ಕಾದುಕೊಂಡಿರಬೇಕು. ಕೂಲಿಗೆ ಹೋದವರು ಮರಳುವ ಮುಂಚೆಯೇ ಗಂಟೆ ಹೊಡೆದು ಭೋಜನವನ್ನು ತೀರಿಸುವ ಸಭೆಗಳುಂಟು. ಸಭೆಯ ಹಿರಿಯರು ಬರುವ ಭೋಜನದ ಆದಿತ್ಯವಾರಕ್ಕೆ ಹೊತ್ತನ್ನು ಗೊತ್ತುಮಾಡುವಾಗ, ದನಗಳನ್ನು ಕಟ್ಟಿ ಕಡೆಯಲ್ಲಿ ಬರುವವರು ಯಾರೋ ಅವರನ್ನೇ ಕೇಳಿ ಗೊತ್ತುಮಾಡಲಿ.