ಸಭೆಯಲ್ಲಿ ಹಿಂದಿನ ಸಾಲಿನ ದನಿಯೂ ಕೇಳಲಿ



ನಿಮ್ಮಲ್ಲಿ ಶಿಕ್ಷಕರಿದ್ದೀರಿ, ದಾದಿಯರಿದ್ದೀರಿ, ವಕೀಲರೂ ಬ್ಯಾಂಕ್ ನೌಕರರೂ ಇದ್ದೀರಿ. ನಿಮ್ಮ ವೃತ್ತಿಬಾಂಧವರ ಸಮ್ಮೇಳನದಲ್ಲಿ ಒಂದು ಗೋಷ್ಠಿಯನ್ನು ನಡೆಸುವ ಹೊಣೆ ಇಂದಲ್ಲ ನಾಳೆ ನಿಮ್ಮ ಪಾಲಿಗೆ ಬರಬಹುದು. ಸಾಮಾನ್ಯವಾಗಿ ಏನಾಗುತ್ತದೆ? ಭಾಷಣಕಾರರು ಐವತ್ತು ನಿಮಿಷ ಮಾತನಾಡುತ್ತಾರೆ. "ಪ್ರಶ್ನೆಗಳಿದ್ದರೆ ಕೇಳಬಹುದು" ಎನ್ನುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಮುಂದಿನ ಸಾಲಿನ ಇಬ್ಬರು ಹಿರಿಯರು ಎದ್ದು ಮಾತನಾಡುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತ ಹೊಸ ಶಿಕ್ಷಕಿಯ ಪ್ರಶ್ನೆ ಅವಳೊಡನೆಯೇ ಮನೆಗೆ ಹೋಗುತ್ತದೆ. ಆ ದಿನ ಕೇಳಲೇಬೇಕಾಗಿದ್ದ ಪ್ರಶ್ನೆ ಅದೇ ಆಗಿದ್ದಿರಬಹುದು!

ಈ ಕೊರತೆಯನ್ನು ನೀಗಲು ಸಾಮಾಜಿಕ ಜಾಲತಾಣಗಳು ನೆರವಾಗಬಲ್ಲವು. 2005ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ 'ಬಾರ್‌ಕ್ಯಾಂಪ್' ಎಂಬ ಸಮ್ಮೇಳನ ಆರಂಭವಾಯಿತು. ಅಲ್ಲಿ ಬಂದವರೇ ಸೇರಿ ಯಾವ ವಿಷಯ ಚರ್ಚಿಸಬೇಕೆಂದು ನಿರ್ಧರಿಸುತ್ತಿದ್ದರು. ನಮ್ಮ ಬೆಂಗಳೂರಿನಲ್ಲಿಯೂ ಇಂತಹ ಬಾರ್‌ಕ್ಯಾಂಪ್‌ಗಳು ನಡೆದಿವೆ. 2007ರ ಆಗಸ್ಟ್ 23ರಂದು ಕ್ರಿಸ್ ಮೆಸ್ಸಿನಾ ಎಂಬವರು ಟ್ವಿಟರ್‌ನಲ್ಲಿ, ಪದದ ಮುಂದೆ # ಗುರುತು ಹಾಕಿ ಒಂದು ಗುಂಪಿನ ಮಾತುಗಳನ್ನು ಒಟ್ಟುಗೂಡಿಸಬಹುದಲ್ಲವೇ ಎಂದು ಕೇಳಿದರು. ಅವರು ಕೊಟ್ಟ ಉದಾಹರಣೆ ಬಾರ್‌ಕ್ಯಾಂಪ್! ಇಂದು ಎಲ್ಲರೂ ಬಳಸುವ ಹ್ಯಾಷ್‌ಟ್ಯಾಗ್ ಹುಟ್ಟಿದ್ದು ಹೀಗೆ. ಟ್ವಿಟರ್ 2023ರಲ್ಲಿ 'ಎಕ್ಸ್' ಆಯಿತು. ಆ ಗುರುತು ಮಾತ್ರ ಉಳಿದಿದೆ.

ಆದರೆ ಇದೇ ಸಾಧನ ನೋವನ್ನೂ ತರಬಲ್ಲದು. 2009ರ ನವೆಂಬರಿನಲ್ಲಿ ನ್ಯೂಯಾರ್ಕ್‌ನ 'ವೆಬ್ 2.0 ಎಕ್ಸ್‌ಪೋ' ಸಮ್ಮೇಳನದಲ್ಲಿ ಡೇನಾ ಬಾಯ್ಡ್ ಎಂಬ ವಿದ್ವಾಂಸೆ ಉಪನ್ಯಾಸ ನೀಡಿದರು. ಸಾಮಾಜಿಕ ಜಾಲತಾಣಗಳೇ ಅವರ ಅಧ್ಯಯನದ ವಿಷಯ. ಅವರ ಬೆನ್ನ ಹಿಂದಿನ ಪರದೆಯ ಮೇಲೆ ಸಭಿಕರ ಟ್ವೀಟ್‌ಗಳು ಮೂಡುತ್ತಿದ್ದವು. ಸಭಿಕರಿಗೆಲ್ಲ ಕಾಣುತ್ತಿದ್ದ ಆ ಬರಹಗಳು ಅವರಿಗೆ ಮಾತ್ರ ಕಾಣುತ್ತಿರಲಿಲ್ಲ. ಸಭೆ ನಕ್ಕಾಗ ಏಕೆ ನಗುತ್ತಿದ್ದಾರೆಂದು ತಿಳಿಯದೆ ಅವರು ತಬ್ಬಿಬ್ಬಾದರು. ಆ ನೋವನ್ನು ಮುಂದೆ ಅವರೇ ಬರೆದು ತಿಳಿಸಿದರು.

ಇಲ್ಲಿ ತಪ್ಪಿದ್ದು ಎಲ್ಲಿ? ಸಾಧನ ಬೇರೆ, ಉದ್ದೇಶ ಬೇರೆ ಎಂದು ತತ್ವಶಾಸ್ತ್ರದ ಮೊದಲ ಪಾಠಗಳಲ್ಲೇ ಕಲಿಸುತ್ತಾರೆ. ಗೋಷ್ಠಿಯ ಉದ್ದೇಶ ಒಬ್ಬರನ್ನೊಬ್ಬರು ಆಲಿಸುವುದು. ಮಾತನಾಡುವವರಿಗೆ ಕಾಣದಂತೆ ಅವರ ಕುರಿತು ಆಡುವ ಮಾತು ಸಂವಾದವಲ್ಲ, ಹಿಂದಾಡಿಕೊಳ್ಳುವುದು. ಪರದೆ ಎಷ್ಟೇ ದೊಡ್ಡದಾದರೂ ಆ ಮಾತು ಬದಲಾಗದು.

ಆದುದರಿಂದ ಗೋಷ್ಠಿ ನಡೆಸುವವರು ಈ ಕೆಲವು ಅಂಶಗಳನ್ನು ಗಮನಿಸುವುದು ಒಳಿತು.

ಮೊದಲನೆಯದಾಗಿ, ಮುಂಚೆಯೇ ಕೇಳಿ. ಎರಡು ಮೂರು ವಾರಗಳ ಮೊದಲು ಬರುವವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಒಂದು ಪ್ರಶ್ನೆ ಇಡಿ: "ಈ ವಿಷಯದಲ್ಲಿ ನಿಮಗೆ ಅತಿ ಕಷ್ಟವಾಗಿರುವುದು ಯಾವುದು?" ಎಲ್ಲರೆದುರು ಬರೆಯಲು ಸಂಕೋಚಪಡುವವರು ನಿಮಗೊಬ್ಬರಿಗೇ ಕಳುಹಿಸಲಿ. ಬಂದ ಉತ್ತರಗಳನ್ನು ಭಾಷಣಕಾರರಿಗೆ ತಲುಪಿಸಿ. ಅವರ ಉಪನ್ಯಾಸ ಅಲ್ಲಿಂದಲೇ ಆರಂಭವಾಗಲಿ.

ಎರಡನೆಯದಾಗಿ, ಗೋಷ್ಠಿ ನಡೆಯುವಾಗ ಬರುವ ಪ್ರಶ್ನೆಗಳನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ. ಅವರು ಮುಂದಿನ ಸಾಲಿನಲ್ಲಿ ಕುಳಿತು, ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಲಿ. ಹದಿನೈದು ನಿಮಿಷಕ್ಕೊಮ್ಮೆ ಭಾಷಣ ನಿಲ್ಲಿಸಿ ಎರಡು ಪ್ರಶ್ನೆಗಳನ್ನು ಓದಲಿ. ಬಂದ ಬರಹಗಳನ್ನೆಲ್ಲ ನೇರವಾಗಿ ಪರದೆಗೆ ಹಾಕುವುದು ಬೇಡ. ಹಾಕಲೇಬೇಕಾದರೆ ಭಾಷಣಕಾರರ ಒಪ್ಪಿಗೆ ಪಡೆಯಿರಿ. ಪರದೆ ಅವರಿಗೂ ಕಾಣುವಂತಿರಲಿ.

ಮೂರನೆಯದಾಗಿ, ಮೊಬೈಲ್ ಇಲ್ಲದವರನ್ನು ಅಥವಾ ಅದರಲ್ಲಿ ಬರೆಯಲು ಬಾರದವರನ್ನು ಮರೆಯಬೇಡಿ. ಅವರಿಗೆ ಒಂದು ಚೀಟಿ, ಒಂದು ಪೆನ್ಸಿಲ್ ಸಾಕು. ಚೀಟಿಯ ಪ್ರಶ್ನೆಗೂ ಅಷ್ಟೇ ಬೆಲೆ ಇರಲಿ.

ನಾಲ್ಕನೆಯದಾಗಿ, ಗುಟ್ಟನ್ನು ಕಾಪಾಡಿ. ದಾದಿಯು ರೋಗಿಯ ಹೆಸರನ್ನಾಗಲಿ, ಶಿಕ್ಷಕರು ವಿದ್ಯಾರ್ಥಿಯ ಹೆಸರನ್ನಾಗಲಿ ಬರೆಯದಿರಲಿ. ಒಪ್ಪಿಗೆಯಿಲ್ಲದೆ ಯಾರ ಭಾವಚಿತ್ರವನ್ನೂ ಜಾಲತಾಣಕ್ಕೆ ಹಾಕಬಾರದು.

ಕೊನೆಯದಾಗಿ, ಗೋಷ್ಠಿ ಮುಗಿದ ಮೇಲೆ ಉಳಿದ ಪ್ರಶ್ನೆಗಳನ್ನು ಕಸದ ಬುಟ್ಟಿಗೆ ಹಾಕಬೇಡಿ. ಒಂದು ವಾರದೊಳಗೆ ಅದೇ ಗುಂಪಿನಲ್ಲಿ ಉತ್ತರ ಕೊಡಿಸಿ. ಉತ್ತರ ಪಡೆದವರು ಮುಂದಿನ ಸಲ ಧೈರ್ಯವಾಗಿ ಕೇಳುತ್ತಾರೆ.

'ಮಾತು ಬಲ್ಲವನಿಗೆ ಜಗಳವಿಲ್ಲ' ಎನ್ನುತ್ತದೆ ನಮ್ಮ ಗಾದೆ. ಮಾತು ಬಲ್ಲವನೆಂದರೆ ಕೇಳಲೂ ಬಲ್ಲವನು. ವೇದಿಕೆಯ ಮೇಲಿರುವವರ ಮಾನವನ್ನು ಕಾಯುತ್ತಾ, ಹಿಂದಿನ ಸಾಲಿನಲ್ಲಿರುವವರ ದನಿಗೆ ದಾರಿ ಮಾಡಿಕೊಡುವವರೇ ನಿಜವಾದ ಸಂಘಟಕರು. ಮುಂದಿನ ಗೋಷ್ಠಿಯ ಹೊಣೆ ನಿಮ್ಮದಾದರೆ, ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನವೇ ಆ ಒಂದು ಪ್ರಶ್ನೆಯನ್ನು ಕೇಳಿ ನೋಡಿ.