ಅಜ್ಜಿಯ ಮಡಿಲು ಸಾಲದೆ?

ಮಳೆಗಾಲ ಬಂದಿತೆಂದರೆ ಮಂಡ್ಯ ಜಿಲ್ಲೆಯ ಜನರ ದೃಷ್ಟಿಯೆಲ್ಲ ಒಂದು ಸಂಖ್ಯೆಯ ಮೇಲೆ ನೆಟ್ಟಿರುತ್ತದೆ. ಆ ಸಂಖ್ಯೆ 124.80. ಕನ್ನಂಬಾಡಿಯ ಕೃಷ್ಣರಾಜಸಾಗರದಲ್ಲಿ ನೀರು ಇಷ್ಟು ಅಡಿಗೆ ಏರಿತೆಂದರೆ ಕಟ್ಟೆ ತುಂಬಿತೆಂದು ಅರ್ಥ. ಶ್ರೀರಂಗಪಟ್ಟಣ, ಪಾಂಡವಪುರಗಳ ರೈತರ ಮುಖದಲ್ಲಿ ನಗೆ ಮೂಡಿತೆಂದು ಅರ್ಥ. ಈ ಸಂಖ್ಯೆಯನ್ನು ಬಲ್ಲ ವಿದ್ಯಾರ್ಥಿಗಳಿಗೆ ನಾವು ಒಂದು ಪ್ರಶ್ನೆಯನ್ನು ಹಾಕುತ್ತೇವೆ. ಅಷ್ಟು ಎತ್ತರದಿಂದ ಒಂದು ಕಲ್ಲನ್ನು ಕೈಬಿಟ್ಟರೆ, ಅದು ನೆಲವನ್ನು ಮುಟ್ಟುವಾಗ ಎಷ್ಟು ವೇಗವನ್ನು ಪಡೆದಿರುತ್ತದೆ?

ಲೆಕ್ಕ ಸುಲಭವಾದುದು. ಮೇಲಿನಿಂದ ಬೀಳುವ ವಸ್ತುವಿನ ವೇಗದ ವರ್ಗವು ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ ಇವೆರಡರ ಗುಣಲಬ್ಧದ ಇಮ್ಮಡಿಯಾಗಿರುತ್ತದೆ. 124.80 ಅಡಿ ಎಂದರೆ 38.04 ಮೀಟರು. 2 × 9.8 × 38.04 = 745.6. ಇದರ ವರ್ಗಮೂಲ 27.3. ಗಾಳಿಯ ತಡೆಯನ್ನು ಗಣಿಸದಿದ್ದರೆ, ಕಲ್ಲು ಸೆಕೆಂಡಿಗೆ 27.3 ಮೀಟರು, ಅಂದರೆ ಗಂಟೆಗೆ ಸುಮಾರು 98 ಕಿಲೋಮೀಟರು ವೇಗದಿಂದ ನೆಲವನ್ನು ಅಪ್ಪಳಿಸುತ್ತದೆ.

2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯು ಶ್ರೀರಂಗಪಟ್ಟಣದ ಪಕ್ಕದಲ್ಲಿಯೇ ಹಾದುಹೋಗುತ್ತದೆ. ಅಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರಿನ ವೇಗಮಿತಿಯನ್ನು ವಿಧಿಸಿದ್ದಾರೆ. ಹಾಗಾದರೆ ಆ ಮಿತಿಯೊಳಗೇ ಸಾಗುವ ಕಾರಿನಲ್ಲಿ ಕುಳಿತ ಮಗುವೊಂದು, ತುಂಬಿದ ಕನ್ನಂಬಾಡಿಯ ಎತ್ತರದಿಂದ ಬಿದ್ದು ನೆಲವನ್ನು ಮುಟ್ಟಲಿರುವ ವಸ್ತುವಿನಷ್ಟೇ ವೇಗವನ್ನು ಹೊತ್ತಿರುತ್ತದೆ. ಕಟ್ಟೆಯ ಅಂಚಿನಲ್ಲಿ ನಿಂತರೆ ನಮಗೆ ಭಯವಾಗುತ್ತದೆ. ಮೆತ್ತನೆಯ ಆಸನದಲ್ಲಿ ಕುಳಿತರೆ ನಿದ್ರೆ ಬರುತ್ತದೆ. ವ್ಯತ್ಯಾಸವಿರುವುದು ನಮ್ಮ ಇಂದ್ರಿಯಗಳಲ್ಲಿ, ಭೌತಶಾಸ್ತ್ರದಲ್ಲಲ್ಲ.

ಒಂದು ಪ್ರಶ್ನೆ

ಕಳೆದ ವರ್ಷ ನಮ್ಮ ತಮ್ಮನು ಉದ್ಯೋಗನಿಮಿತ್ತ ಸಂಸಾರಸಮೇತನಾಗಿ ಜರ್ಮನಿಗೆ ಹೊರಟನು. ಅವನ ಮಗಳಿಗೆ ಆಗ 14 ತಿಂಗಳು. ಅಮೆರಿಕದಲ್ಲಿರುವ ಬಂಧುವೊಬ್ಬರು ಊರಿಗೆ ಬಂದಾಗ ತಮ್ಮ ಮಗುವಿನ ಕಾರ್‌ಸೀಟನ್ನು ಬಿಟ್ಟುಹೋಗಿದ್ದರು. ಪಾಂಡವಪುರದ ಮನೆಯ ಅಂಗಳದಲ್ಲಿ ನಾವು ಅದನ್ನು ಕಾರಿನ ಹಿಂದಿನ ಆಸನಕ್ಕೆ ಬಿಗಿಯುತ್ತಿರಲು, ನಮ್ಮ ತಾಯಿಯವರು ಬಂದು, "ನನ್ ತೊಡೆ ಇರುವಾಗ ಮಗೀನ ಯಾಕಪ್ಪಾ ಕಟ್ಟಾಕ್ತೀಯಾ?" ಎಂದರು. ಮೊಮ್ಮಗಳನ್ನು ಮತ್ತೆ ಕಾಣುವುದು ಎರಡು ವರ್ಷಗಳ ಅನಂತರ. ದೇವನಹಳ್ಳಿಯ ವಿಮಾನ ನಿಲ್ದಾಣದವರೆಗಿನ ಆ ನಾಲ್ಕು ಗಂಟೆಗಳಾದರೂ ಮಗು ಮಡಿಲಿನಲ್ಲಿರಲಿ ಎಂಬ ಆಸೆ ಅವರದು. ಇಪ್ಪತ್ತು ವರ್ಷ ಭೌತಶಾಸ್ತ್ರವನ್ನು ಓದಿ ಬೋಧಿಸಿದವರಿಗೂ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಅಂದು ಸರಿಯಾಗಿ ಹೇಳಲಾಗದ ಉತ್ತರವನ್ನು ಇಲ್ಲಿ ಹೇಳಲು ಯತ್ನಿಸುತ್ತೇವೆ.

ತೋಳಿನ ಬಲವೆಷ್ಟು?

ಚಲಿಸುವ ವಸ್ತು ಹೊರಗಿನ ಬಲವೊಂದು ತಡೆಯುವವರೆಗೆ ಚಲಿಸುತ್ತಲೇ ಇರುತ್ತದೆ ಎಂಬುದು ನ್ಯೂಟನ್ನನ ಮೊದಲನೆಯ ನಿಯಮ. ಕಾರು ಗಂಟೆಗೆ 50 ಕಿಲೋಮೀಟರು, ಅಂದರೆ ಸೆಕೆಂಡಿಗೆ 13.9 ಮೀಟರು ವೇಗದಲ್ಲಿ ಸಾಗುತ್ತಿದ್ದು, ಎದುರಿನ ಮರಕ್ಕೆ ಬಡಿಯಿತೆನ್ನೋಣ. ಇದು ಹತ್ತು ಮೀಟರು ಎತ್ತರದ ತೆಂಗಿನ ಮರದಿಂದ ಬಿದ್ದುದಕ್ಕೆ ಸಮಾನ. ಕಾರಿನ ಮುಂಭಾಗ ಮುದ್ದೆಯಾಗುತ್ತ, ಸುಮಾರು ಒಂದು ಸೆಕೆಂಡಿನ ಹತ್ತರಲ್ಲೊಂದು ಪಾಲಿನಲ್ಲಿ ನಿಲ್ಲುತ್ತದೆ. ಅದರೊಡನೆ ಮಗುವೂ ನಿಲ್ಲಬೇಕಾದರೆ ಅದರ ವೇಗಾಪಕರ್ಷ, ಅಂದರೆ ವೇಗ ಕುಗ್ಗುವ ದರ, ಗುರುತ್ವ ವೇಗೋತ್ಕರ್ಷದ 14 ಮಡಿಯಷ್ಟಾಗುತ್ತದೆ. ಮಗು 10 ಕಿಲೋಗ್ರಾಂ ಇದ್ದರೆ ಅದನ್ನು ಹಿಡಿದು ನಿಲ್ಲಿಸಲು 140 ಕಿಲೋಗ್ರಾಂ ತೂಕವನ್ನು ಎತ್ತುವಷ್ಟು ಬಲ ಬೇಕು. ಇದು ಸರಾಸರಿ ಮಾತ್ರ. ನಡುವೆ ಒಂದು ಕ್ಷಣ ಅದು ಇನ್ನೂ ಹೆಚ್ಚಿರುತ್ತದೆ. ಹತ್ತಿರಹತ್ತಿರ ಮೂರು ಮೂಟೆ ಅಕ್ಕಿಯನ್ನು, ಕಣ್ಣು ಮಿಟುಕಿಸುವುದರೊಳಗೆ, ಮುನ್ಸೂಚನೆಯಿಲ್ಲದೆ ತಡೆದು ಹಿಡಿಯಬಲ್ಲ ತೋಳು ಯಾರಿಗಿದೆ? ಪ್ರೀತಿಗೆ ಕೊರತೆಯಿಲ್ಲ, ಸ್ನಾಯುವಿಗೆ ಮಿತಿಯುಂಟು.

ತೋಳಿನಿಂದ ಜಾರಿದ ಮಗು ಹಳೆಯ ವೇಗದಲ್ಲಿಯೇ ಮುನ್ನುಗ್ಗಿ ಮುಂದಿನ ಆಸನಕ್ಕೆ ತಾಗಿ, ಕೇವಲ 5 ಸೆಂಟಿಮೀಟರಿನಲ್ಲಿ ನಿಂತಿತೆನ್ನೋಣ. ಆಗ ವೇಗಾಪಕರ್ಷ ಗುರುತ್ವದ ಸುಮಾರು 200 ಮಡಿಯಾಗುತ್ತದೆ. ನಿಲ್ಲುವ ದೂರವನ್ನು 5 ಸೆಂಟಿಮೀಟರಿನಿಂದ 70 ಸೆಂಟಿಮೀಟರಿಗೆ ಹಿಗ್ಗಿಸಿದರೆ ಅದೇ 200 ಮಡಿ 14ಕ್ಕೆ ಇಳಿಯುತ್ತದೆ. ಅಪಘಾತದಿಂದ ರಕ್ಷಿಸುವ ಉಪಕರಣಗಳೆಲ್ಲದರ ಗುಟ್ಟು ಇಷ್ಟೆ: ನಿಲ್ಲುವ ದೂರವನ್ನು ಹೆಚ್ಚಿಸು, ಬಲವನ್ನು ಹೆಚ್ಚು ವಿಸ್ತಾರದ ಮೇಲೆ ಹಂಚು, ಅದನ್ನೂ ಗಟ್ಟಿಯಾದ ಮೂಳೆಗಳ ಮೇಲೆ ಹಂಚು. 1954ರ ಡಿಸೆಂಬರ್ 10ರಂದು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟಾಪ್ ರಾಕೆಟ್ ಬಂಡಿಯಲ್ಲಿ ಗಂಟೆಗೆ 632 ಮೈಲಿ ವೇಗದಿಂದ 1.4 ಸೆಕೆಂಡಿನಲ್ಲಿ ನಿಂತರು. ಗುರುತ್ವದ 46 ಮಡಿ ವೇಗಾಪಕರ್ಷವನ್ನು ಅನುಭವಿಸಿಯೂ ಅವರು ಬದುಕಿದರು. ಅವರ ದೇಹವನ್ನು ಪಟ್ಟಿಗಳು ಆಸನಕ್ಕೆ ಬಿಗಿದಿದ್ದುವು.

ಅಜ್ಜಿಯೂ ಮಗುವೂ ಒಂದೇ ಬೆಲ್ಟಿನೊಳಗೆ ಕುಳಿತರೆ ಆಗದೆ ಎಂದು ಕೆಲವರು ಕೇಳುತ್ತಾರೆ. ಇದು ಇನ್ನೂ ಅಪಾಯಕರ. 60 ಕಿಲೋಗ್ರಾಂ ತೂಕದ ದೇಹ 14 ಮಡಿ ಭಾರವಾಗಿ ಮುಂದಕ್ಕೆ ಬರುವಾಗ ಬೆಲ್ಟಿಗೂ ಆ ದೇಹಕ್ಕೂ ನಡುವೆ ಸಿಕ್ಕುವುದು ಮಗು.

ಮಗು ಚಿಕ್ಕ ಮನುಷ್ಯನಲ್ಲ

ನವಜಾತ ಶಿಶುವಿನ ತಲೆ ದೇಹದ ಉದ್ದದ ಸುಮಾರು ನಾಲ್ಕನೆಯ ಒಂದು ಪಾಲು. ದೊಡ್ಡವರಲ್ಲಿ ಅದು ಸುಮಾರು ಎಂಟನೆಯ ಒಂದು ಪಾಲು. ಇಂತಹ ಭಾರವಾದ ತಲೆಯನ್ನು ಹೊತ್ತ ಕತ್ತಿನ ಎಲುಬುಗಳು ಇನ್ನೂ ಪೂರ್ಣವಾಗಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖಮಾಡಿ ಕುಳಿತ ಎಳೆಮಗುವಿನ ಎದೆಯನ್ನು ಪಟ್ಟಿ ತಡೆದರೂ ತಲೆ ಮುಂದಕ್ಕೆ ಎಳೆಯುತ್ತದೆ. ಕತ್ತು ಅದನ್ನು ತಾಳಲಾರದು. ಮಗುವನ್ನು ಹಿಮ್ಮುಖವಾಗಿ ಕೂರಿಸಿದರೆ ಪೀಠದ ಬೆನ್ನು ತಲೆ, ಕತ್ತು, ಬೆನ್ನುಗಳನ್ನು ಒಟ್ಟಿಗೆ ತಡೆಯುತ್ತದೆ. 1960ರ ದಶಕದಲ್ಲಿ ಗಗನಯಾತ್ರಿಗಳು ಬೆನ್ನಿಗೆ ಒರಗಿ ಮೇಲೇರುತ್ತಿದ್ದುದನ್ನು ಕಂಡು, ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯವಿಜ್ಞಾನಿ ಇಂತಹ ಹಿಮ್ಮುಖ ಪೀಠವನ್ನು ರೂಪಿಸಿದನು. ಅದರ ಮೊದಲ ಮಾದರಿಯನ್ನು ಪರೀಕ್ಷಿಸಿದ್ದು 1964ರಲ್ಲಿ.

ಹಿಮ್ಮುಖ ಪೀಠವನ್ನು ಮುಂದಿನ ಆಸನದಲ್ಲಿ, ಕಾರ್ಯಶೀಲವಾದ ಏರ್‌ಬ್ಯಾಗಿನ ಎದುರಿನಲ್ಲಿ, ಎಂದಿಗೂ ಇಡಬಾರದು. ಉಬ್ಬುವ ಚೀಲ ಪೀಠದ ಬೆನ್ನಿಗೇ ಹೊಡೆಯುತ್ತದೆ.

1959ರಲ್ಲಿ ನಿಲ್ಸ್ ಬೋಲಿನ್ ಎಂಬ ಸ್ವೀಡಿಷ್ ಎಂಜಿನಿಯರನು ರೂಪಿಸಿದ ಮೂರು ಬಿಂದುಗಳ ಬೆಲ್ಟು ದೊಡ್ಡವರ ಸೊಂಟದೆಲುಬನ್ನೂ ಹೆಗಲನ್ನೂ ಆಧರಿಸಿದೆ. ಐದು ವರ್ಷದ ಮಗುವಿಗೆ ಅದೇ ಬೆಲ್ಟು ಸೊಂಟದಿಂದ ಜಾರಿ ಮೃದುವಾದ ಹೊಟ್ಟೆಯ ಮೇಲೂ, ಹೆಗಲಿನಿಂದ ಜಾರಿ ಕತ್ತಿನ ಮೇಲೂ ಬರುತ್ತದೆ. ಆದುದರಿಂದ ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಪೀಠ ಬೇಕಾಗುತ್ತದೆ.

ದೇಶ ಬದಲಾದರೆ ನಿಯಮ ಬದಲು

ಈ ತತ್ತ್ವಗಳು ಎಲ್ಲೆಡೆಯೂ ಒಂದೇ. ಆದರೆ ದೇಶದೇಶಗಳ ಕಾನೂನುಗಳು ಅವುಗಳನ್ನು ಬೇರೆಬೇರೆ ಅಂಕೆಗಳಲ್ಲಿ ಬರೆದಿವೆ. ನಮ್ಮ ದೇಶದಲ್ಲಿ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯ 194-ಬಿ ಪ್ರಕರಣದಂತೆ, 14 ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ರಕ್ಷಣಾಪೀಠದಿಂದಲೋ ಭದ್ರಪಡಿಸದೆ ಗಾಡಿ ನಡೆಸಿದರೆ 1000 ರೂಪಾಯಿ ದಂಡ. ದ್ವಿಚಕ್ರ ವಾಹನಗಳಲ್ಲಿ 9 ತಿಂಗಳಿನಿಂದ 4 ವರ್ಷದವರೆಗಿನ ಮಕ್ಕಳಿಗೆ ಸವಾರನೊಡನೆ ಬಂಧಿಸುವ ಪಟ್ಟಿ, ಶಿರಸ್ತ್ರಾಣ, ಮತ್ತು ಗಂಟೆಗೆ 40 ಕಿಲೋಮೀಟರಿನ ಮಿತಿ 2023ರ ಫೆಬ್ರವರಿ 15ರಿಂದ ಜಾರಿಯಲ್ಲಿವೆ.

ಬ್ರಿಟನ್ನಿನಲ್ಲಿ ಮಗುವಿಗೆ 12 ವರ್ಷ ತುಂಬುವವರೆಗೆ ಅಥವಾ ಅದು 135 ಸೆಂಟಿಮೀಟರು ಬೆಳೆಯುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಪೀಠ ಅಗತ್ಯ. ಜರ್ಮನಿಯಲ್ಲಿ ವಯಸ್ಸು ಅದೇ, ಎತ್ತರ ಮಾತ್ರ 150 ಸೆಂಟಿಮೀಟರು. ಅಮೆರಿಕದಲ್ಲಿ ಸಂಸ್ಥಾನಕ್ಕೊಂದು ಕಾನೂನು. ಅವುಗಳಲ್ಲಿ ಮೊದಲನೆಯದು 1978ರ ಜನವರಿ 1ರಂದು ಟೆನೆಸ್ಸಿಯಲ್ಲಿ ಜಾರಿಗೆ ಬಂದಿತು. ಕನ್ನಡಿಗರು ಬಹಳವಾಗಿ ನೆಲಸಿರುವ ಕ್ಯಾಲಿಫೋರ್ನಿಯದಲ್ಲಿ, 40 ಪೌಂಡು ತೂಕ ಅಥವಾ 40 ಅಂಗುಲ ಎತ್ತರವನ್ನು ಮುಟ್ಟದ ಮಗು ಎರಡು ವರ್ಷದವರೆಗೆ ಹಿಮ್ಮುಖವಾಗಿಯೇ ಕೂರಬೇಕು. ಆಸ್ಟ್ರೇಲಿಯದಲ್ಲಿ 6 ತಿಂಗಳವರೆಗೆ ಹಿಮ್ಮುಖ, 4 ವರ್ಷದವರೆಗೆ ಪಟ್ಟಿಗಳುಳ್ಳ ಪೀಠ, 7 ವರ್ಷದವರೆಗೆ ಅಂತಹ ಪೀಠ ಅಥವಾ ಬೂಸ್ಟರು.

ವಲಸೆ ಹೋಗುವವರು ಎಡವುವುದು ಬೇರೊಂದು ಕಡೆ. ಒಂದು ದೇಶದಲ್ಲಿ ಒಪ್ಪಿತವಾದ ಪೀಠ ಮತ್ತೊಂದರಲ್ಲಿ ಒಪ್ಪಿತವಲ್ಲ. ಯೂರೋಪಿನ ಪೀಠದ ಮೇಲೆ ವೃತ್ತದೊಳಗೆ 'ಇ' ಎಂಬ ದೊಡ್ಡ ಇಂಗ್ಲಿಷ್ ಅಕ್ಷರದ ಮುದ್ರೆಯಿರಬೇಕು. ಕೆನಡದ ಪೀಠಕ್ಕೆ ಅಲ್ಲಿಯ ರಾಷ್ಟ್ರೀಯ ಸುರಕ್ಷಾಮುದ್ರೆ ಬೇಕು. ಆಸ್ಟ್ರೇಲಿಯಕ್ಕೆ ತನ್ನದೇ ಮಾನಕವುಂಟು. ಇದು ಬರಿಯ ಅಧಿಕಾರಿಗಳ ಹಟವಲ್ಲ. ಅಮೆರಿಕದ ಪೀಠಗಳಲ್ಲಿ ಎರಡು ಹೆಗಲಪಟ್ಟಿಗಳನ್ನು ಎದೆಯ ಮಟ್ಟದಲ್ಲಿ ಸೇರಿಸುವ ಒಂದು ಕೊಂಡಿಯಿರುತ್ತದೆ. ಪಟ್ಟಿಗಳು ಹೆಗಲಿನಿಂದ ಜಾರಬಾರದೆಂಬುದು ಅವರ ಚಿಂತೆ. ಅಪಘಾತವಾದಾಗ ಅಪರಿಚಿತನೂ ಒಂದೇ ಗುಂಡಿಯನ್ನೊತ್ತಿ ಮಗುವನ್ನು ಬಿಡಿಸುವಂತಿರಬೇಕೆಂಬುದು ಯೂರೋಪಿನವರ ಚಿಂತೆ; ಆದುದರಿಂದ ಎರಡನೆಯ ಕೊಂಡಿಯನ್ನು ಅವರು ಒಪ್ಪುವುದಿಲ್ಲ. ಪೀಠವನ್ನು ಕಾರಿಗೆ ಬಿಗಿಯುವ ಕ್ರಮವೂ ಬೇರೆ. ಬೆಲ್ಟನ್ನು ಪೂರ್ತಿ ಎಳೆದರೆ ತಾನೇ ಬಿಗಿಯಾಗಿ ನಿಲ್ಲುವ ಏರ್ಪಾಡು ಅಮೆರಿಕದ ಕಾರುಗಳಲ್ಲಿ ಸಾಮಾನ್ಯ. ಬೇರೆಡೆಯ ಅನೇಕ ಕಾರುಗಳಲ್ಲಿ ಇಲ್ಲ. ಸಡಿಲವಾದ ಪೀಠ ಕಾರು ನಿಲ್ಲತೊಡಗಿದ ಮೇಲೂ ಸ್ವಲ್ಪ ದೂರ ಓಡಿ, ಅಮೂಲ್ಯವಾದ ನಿಲ್ಲುವ ದೂರವನ್ನು ವ್ಯರ್ಥಮಾಡುತ್ತದೆ. ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಪೀಠ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು.

ನಮ್ಮ ತಮ್ಮನ ಅಮೆರಿಕದ ಪೀಠ ಜರ್ಮನಿಯ ರಸ್ತೆಗೆ ನಿಷಿದ್ಧವೆಂದು ತಿಳಿದದ್ದು ಹೊರಡುವ ವಾರದಲ್ಲಿ. ಅವನು ಅಲ್ಲಿಯ ಸ್ನೇಹಿತರಿಗೆ ಬರೆದು, ಇಳಿಯುವ ದಿನಕ್ಕೆ ಅಲ್ಲಿಯದೇ ಒಂದು ಪೀಠವನ್ನು ಸಿದ್ಧಪಡಿಸಿದನು. ಯೂರೋಪಿನ 129ನೆಯ ನಿಯಮಕ್ಕೆ ಅನುಸಾರವಾದ ಆ ಪೀಠದಲ್ಲಿ 15 ತಿಂಗಳು ದಾಟುವವರೆಗೆ ಮಗು ಹಿಮ್ಮುಖವಾಗಿಯೇ ಕೂರಬೇಕು.

ಆಕಾಶದಲ್ಲಿ

ವಿಮಾನದಲ್ಲಿ ಎರಡು ವರ್ಷದೊಳಗಿನ ಮಗು ತೊಡೆಯ ಮೇಲೆ ಪಯಣಿಸಲು ಬಹುತೇಕ ದೇಶಗಳಲ್ಲಿ ಅನುಮತಿಯುಂಟು. ಜಡತ್ವದ ನಿಯಮಕ್ಕೆ ಮಾತ್ರ ಅಲ್ಲಿಯೂ ವಿನಾಯಿತಿಯಿಲ್ಲ. ಪ್ರಕ್ಷುಬ್ಧ ವಾಯುವಿನಲ್ಲಿ ವಿಮಾನವು ಗುರುತ್ವಕ್ಕಿಂತ ಹೆಚ್ಚಿನ ವೇಗೋತ್ಕರ್ಷದಿಂದ ಕೆಳಗಿಳಿದರೆ, ಕಟ್ಟದ ಮಗು ತೊಡೆಯಿಂದ ಮೇಲೇಳುತ್ತದೆ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ವಿಮಾನವೊಂದು ಅಪಘಾತಕ್ಕೀಡಾದಾಗ ತೊಡೆಯ ಮೇಲೆ ಪಯಣಿಸುತ್ತಿದ್ದ ನಾಲ್ಕು ಮಕ್ಕಳಿದ್ದರು. ಅಂದಿನ ಕ್ರಮದಂತೆ ಅವರನ್ನು ನೆಲದ ಮೇಲೆ ಇರಿಸಿ ಹಿಡಿದುಕೊಳ್ಳುವಂತೆ ತಂದೆತಾಯಿಗಳಿಗೆ ಹೇಳಲಾಯಿತು. ಅವರಲ್ಲಿ ಒಂದು ಮಗು ಉಳಿಯಲಿಲ್ಲ. ಆ ಮಾತನ್ನು ಹೇಳಬೇಕಾಗಿ ಬಂದ ಗಗನಸಖಿ ಜಾನ್ ಬ್ರೌನ್, ಪ್ರತಿ ಮಗುವಿಗೂ ಪೀಠ ಬೇಕೆಂದು ಆಮೇಲೆ ವರ್ಷಗಟ್ಟಲೆ ಹೋರಾಡಿದರು.

ಆದರೂ ಅಮೆರಿಕದ ವಿಮಾನಯಾನ ಇಲಾಖೆ ಅದನ್ನು ಕಡ್ಡಾಯ ಮಾಡಿಲ್ಲ. ಬಲವಾಗಿ ಶಿಫಾರಸು ಮಾತ್ರ ಮಾಡುತ್ತದೆ. ಮಗುವಿಗೂ ಟಿಕೆಟ್ಟು ಬೇಕೆಂದರೆ ಹಲವು ಸಂಸಾರಗಳು ವಿಮಾನವನ್ನು ಬಿಟ್ಟು ಕಾರಿನಲ್ಲಿ ಹೊರಡುತ್ತವೆ, ರಸ್ತೆಯಾದರೋ ಆಕಾಶಕ್ಕಿಂತ ಅಪಾಯಕರ ಎಂಬುದು ಅವರ ವಾದ. ಈ ವಾದ ಸರಿಯೋ ತಪ್ಪೋ ವಾಚಕರು ಯೋಚಿಸಲಿ.

ಬೇರೆ ಆಸನವನ್ನು ಕೊಳ್ಳಬಲ್ಲವರು ಮೂರು ವಿಷಯಗಳನ್ನು ನೆನಪಿಡಬೇಕು. ಅಮೆರಿಕದ ಪೀಠದಲ್ಲಿ ವಿಮಾನಕ್ಕೂ ಯೋಗ್ಯವೆಂಬ ಕೆಂಪು ಅಕ್ಷರದ ಬರಹವಿದೆಯೇ ಎಂದು ನೋಡಬೇಕು. ಬೂಸ್ಟರ್ ವಿಮಾನಕ್ಕೆ ಒದಗದು. ಅದಕ್ಕೆ ಹೆಗಲ ಬೆಲ್ಟು ಬೇಕು, ವಿಮಾನದ ಸಾಮಾನ್ಯ ಆಸನದಲ್ಲಿರುವುದು ಸೊಂಟದ ಬೆಲ್ಟು ಮಾತ್ರ. ಪೀಠದ ಅಗಲವನ್ನು ತಿಳಿಸಿ ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು.

ಒಂದು ಪ್ರಯೋಗ

ಒಂದು ಹಲಗೆಯನ್ನು ಇಳಿಜಾರಾಗಿ ನಿಲ್ಲಿಸಿ, ಅದರ ಬುಡದಲ್ಲಿ ಒಂದು ಇಟ್ಟಿಗೆಯನ್ನಿಡಿ. ಆಟಿಕೆಯ ಬಂಡಿಯ ಮೇಲೆ ಜೇಡಿಮಣ್ಣಿನ ಗೊಂಬೆಯೊಂದನ್ನು ಕೂರಿಸಿ ಬಂಡಿಯನ್ನು ಬಿಡಿ. ಮೊದಲು ಗೊಂಬೆಯನ್ನು ಕಟ್ಟದೆ, ಅನಂತರ ತೆಳುವಾದ ದಾರದಿಂದ ಕಟ್ಟಿ, ಆಮೇಲೆ ಅಗಲವಾದ ಬಟ್ಟೆಯ ಪಟ್ಟಿಯಿಂದ ಕಟ್ಟಿ, ಕೊನೆಗೆ ಹಿಮ್ಮುಖವಾಗಿ ಒಂದು ರಟ್ಟಿಗೆ ಒರಗಿಸಿ ಕಟ್ಟಿ ನೋಡಿ. ಪ್ರತಿ ಸಲವೂ ಮೆದುವಾದ ಮಣ್ಣಿನ ಮೇಲೆ ಎಲ್ಲಿ, ಎಷ್ಟು ಗುರುತು ಬಿದ್ದಿದೆಯೆಂಬುದನ್ನು ಬರೆದಿಡಿ.

ಅಂದು ಅಂಗಳದಲ್ಲಿ ನಾವು ತಾಯಿಯವರಿಗೆ ಇಷ್ಟು ಮಾತ್ರ ಹೇಳಿದೆವು: "ಅಮ್ಮ, ಕನ್ನಂಬಾಡಿ ಕಟ್ಟೆಯ ಮೇಲಿಂದ ಯಾರಾದರೂ ಮಗುವನ್ನು ಎಸೆದರೆ ನೀನು ಕೆಳಗೆ ನಿಂತು ಹಿಡಿಯಬಲ್ಲೆಯಾ?" ಅವರು ಉತ್ತರಿಸಲಿಲ್ಲ. ಪೀಠದ ಪಕ್ಕದಲ್ಲಿ ಕುಳಿತು, ತಮ್ಮ ಬೆಲ್ಟನ್ನೂ ಕಟ್ಟಿಸಿಕೊಂಡರು. ಮದ್ದೂರು ದಾಟುವಾಗ ಹಿಂತಿರುಗಿ ನೋಡಿದೆವು. ಮಗು ನಿದ್ರಿಸುತ್ತಿತ್ತು, ಅದರ ಮುಷ್ಟಿಯಲ್ಲಿ ಅಜ್ಜಿಯ ಬೆರಳಿತ್ತು.

ಅಭ್ಯಾಸ

1. ಗಂಟೆಗೆ 40 ಕಿಲೋಮೀಟರು ವೇಗವು ಎಷ್ಟು ಎತ್ತರದಿಂದ ಬಿದ್ದುದಕ್ಕೆ ಸಮ?

2. ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವ 15 ಕಿಲೋಗ್ರಾಂ ತೂಕದ ಮಗುವನ್ನು 0.1 ಸೆಕೆಂಡಿನಲ್ಲಿ ನಿಲ್ಲಿಸಲು ಬೇಕಾದ ಸರಾಸರಿ ಬಲವೆಷ್ಟು?

3. ವೇಗ ಎರಡರಷ್ಟಾದರೆ ಸಮಾನವಾದ ಎತ್ತರ ಎಷ್ಟು ಪಟ್ಟಾಗುತ್ತದೆ? ಏಕೆ?

ಉತ್ತರಗಳು: (1) ಸುಮಾರು 6.3 ಮೀಟರು. (2) 2500 ನ್ಯೂಟನ್, ಅಂದರೆ ಸುಮಾರು 255 ಕಿಲೋಗ್ರಾಂ ತೂಕ. (3) ನಾಲ್ಕು ಪಟ್ಟು. ಎತ್ತರವು ವೇಗದ ವರ್ಗವನ್ನು ಅನುಸರಿಸುತ್ತದೆ.