ನೀರು ತುಂಬುವ ಹಬ್ಬಕ್ಕೆ ಬಚ್ಚಲು ಸಜ್ಜಾಗಲಿ

ನರಕ ಚತುರ್ದಶಿಯ ಹಿಂದಿನ ಸಂಜೆ ಹುಣಸೆಹಣ್ಣು ಹಚ್ಚಿ ಹಂಡೆ ಬೆಳಗಿ, ಅದರ ಕೊರಳಿಗೆ ಮಾಲಿಂಗನ ಬಳ್ಳಿ ಸುತ್ತಿ ನೀರು ತುಂಬುತ್ತಿದ್ದ ಕಾಲ ಹೋಯಿತು. ಈಗ ಹಂಡೆಯ ಜಾಗದಲ್ಲಿ ಗೀಸರ್ ಇದೆ. ಎಣ್ಣೆಸ್ನಾನ ಮಾತ್ರ ಉಳಿದಿದೆ, ಅದೂ ನುಣುಪು ಟೈಲ್ಸಿನ ಮೇಲೆ. ಕಳೆದ ವರ್ಷ ನಮ್ಮತ್ತೆ ಅಲ್ಲೇ ಜಾರಿದರು. ಆಸರೆಗೆಂದು ಹಿಡಿದ ಟವೆಲ್ ರಾಡ್ ಕಿತ್ತು ಕೈಗೆ ಬಂತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ಬಚ್ಚಲನ್ನು ಪೂರ್ತಿ ಒಡೆದು ಹೊಸದು ಮಾಡಲು ಗುತ್ತಿಗೆದಾರರೊಬ್ಬರು ಹೇಳಿದ್ದು 1.5 ಲಕ್ಷ. ನಾವು 7 ಸಾವಿರದೊಳಗೆ ಮುಗಿಸಿದೆವು. ಚೆಂದದ ಮಾತು ಆಮೇಲೆ ನೋಡೋಣ, ಮೊದಲು ಕೈಕಾಲಿಗೆ ತಾಗುವುದಕ್ಕೆ ದುಡ್ಡು ಹಾಕೋಣ ಅಂದುಕೊಂಡೆವು, ಅಷ್ಟೇ.

ಮೊದಲು ಸೋರಿಕೆ

ತೊಟ್ಟಿಕ್ಕುವ ನಲ್ಲಿಯ ಕೆಳಗೆ ರಾತ್ರಿ ಬಕೆಟ್ ಇಟ್ಟು ಬೆಳಿಗ್ಗೆ ನೋಡಿ. ಆ ನೀರು ಕಂಡರೆ ಪ್ಲಂಬರ್‌ಗೆ ಫೋನ್ ಮಾಡಲು ಇನ್ನು ಯಾರೂ ನೆನಪಿಸಬೇಕಾಗಿಲ್ಲ. ಹಳೇ ತಿರುಗಣೆ ನಲ್ಲಿಯಾದರೆ ಬಹುಮಟ್ಟಿಗೆ ವಾಷರ್ ಸವೆದಿರುತ್ತದೆ. ಆಂಗಲ್ ಕಾಕ್ ಮುಚ್ಚಿ ನೀವೇ ಬದಲಿಸಬಹುದು. ಕಮೋಡಿನ ಟ್ಯಾಂಕಿಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ 20 ನಿಮಿಷ ಫ್ಲಶ್ ಮಾಡದೆ ಬಿಡಿ. ಬಣ್ಣ ಕೆಳಗಿಳಿದಿದ್ದರೆ ಅಲ್ಲಿಯೂ ರಬ್ಬರ್ ಹೋಗಿದೆ ಎಂದರ್ಥ.

ನಲ್ಲಿಯ ಬಾಯಿಗೆ ಏರಿಯೇಟರ್ ಹಾಕಿಸಿ. 2024ರ ಬೇಸಿಗೆಯ ಅಭಾವದಲ್ಲಿ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡಗಳಿಗೂ ಅಪಾರ್ಟ್‌ಮೆಂಟ್‌ಗಳಿಗೂ ಕಡ್ಡಾಯ ಮಾಡಿದ್ದು ಇದನ್ನೇ. ಕೊಳವೆಬಾವಿ ನೀರಿನ ಊರುಗಳಲ್ಲಿ ಅದರ ಜಾಲರಿ ಬೇಗ ಕಟ್ಟುತ್ತದೆ. ಆಗಾಗ ಬಿಚ್ಚಿ ವಿನಿಗರ್‌ನಲ್ಲಿ ನೆನೆಹಾಕಿದರೆ ಸರಿಹೋಗುತ್ತದೆ.

ಬಿಳಿ ಕಲೆ

ಟೈಲ್ಸ್ ಮೇಲಿನ ಬಿಳಿ ಪದರ ಗಡುಸು ನೀರಿನ ಸುಣ್ಣದಂಶ. ಸಿಟ್ರಿಕ್ ಆಸಿಡ್ ಪುಡಿಯನ್ನೋ ವಿನಿಗರನ್ನೋ ನೀರಿಗೆ ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಉಜ್ಜಿ. ಅಮೃತಶಿಲೆ, ಕಡಪ ಕಲ್ಲಿಗೆ ಇದು ಬೇಡ, ಹುಳಿ ತಾಗಿದರೆ ಕಲ್ಲೇ ಸವೆಯುತ್ತದೆ. ಬ್ಲೀಚಿಂಗ್ ಪುಡಿಯ ಜತೆ ಯಾವ ಆಸಿಡನ್ನೂ ಬೆರೆಸಬೇಡಿ. ಹೊರಡುವುದು ಕ್ಲೋರಿನ್ ಅನಿಲ, ಉಸಿರು ಕಟ್ಟುತ್ತದೆ. ಆಸಿಡ್ ಬಾಟಲಿಯನ್ನು ಮನೆಗೆಲಸದವರ ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡು ಹೋಗುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಅದನ್ನೂ ಇದರ ಜತೆಗೇ ತೊಳೆದುಬಿಡಿ.

ಸಂದು ತುಂಬುವುದು

ಹೊಸ ಟೈಲ್ಸ್ ಹಾಕಿಸಿದಷ್ಟೇ ಲಕ್ಷಣ ತರುವ ಅಗ್ಗದ ಕೆಲಸ ಇದು. ಕಪ್ಪಾದ ಸಂದುಗಳನ್ನು ಹಳೇ ಹ್ಯಾಕ್ಸಾ ಬ್ಲೇಡಿನಿಂದ ಎರಡು ಮೂರು ಮಿಲಿಮೀಟರ್ ಆಳಕ್ಕೆ ಕೆರೆದು, ತೊಳೆದು, ಒಣಗಲು ಬಿಡಿ. ಗ್ರೌಟ್ ಪುಡಿಯನ್ನು ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ರಬ್ಬರ್ ತುಂಡಿನಿಂದ ಒತ್ತಿ ತುಂಬಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ಹಿಂಡಿದ ಸ್ಪಂಜಿನಿಂದ ಒರೆಸಿ. ಆಮೇಲೆ 24 ಗಂಟೆ ನೀರು ಸೋಕಬಾರದು.

ಒಂದೇ ಬಚ್ಚಲಿರುವ ಮನೆಗೆ ಕಷ್ಟ ಬರುವುದು ಇಲ್ಲಿ. ಮೊದಲೇ ಅಕ್ಕಪಕ್ಕ ಕೇಳಿಟ್ಟುಕೊಳ್ಳಿ. ನಮ್ಮ ಎದುರು ಮನೆಯಾಕೆ ಕೇಳಿದ್ದಕ್ಕಿಂತ ಹೆಚ್ಚೇ ಮಾಡಿದರು, ಅತ್ತೆಗೆಂದು ಬೆಳಿಗ್ಗೆ ಎರಡು ಬಕೆಟ್ ಬಿಸಿನೀರು ಕಾಯಿಸಿಟ್ಟಿದ್ದರು. ಮಿಕ್ಕ ಗ್ರೌಟ್ ಅವರ ಅಡುಗೆಮನೆ ಸಿಂಕಿನ ಸಂದಿಗೆ ಹೋಯಿತು.

ಹಿಡಿಕೆ

ದುಡ್ಡು ಒಂದಕ್ಕೇ ಸಾಲುತ್ತದೆ ಅಂದರೆ ಇದಕ್ಕೆ ಹಾಕಿ. ಸಾಮಾನ್ಯವಾಗಿ ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿ ಸ್ಟೀಲ್ ಹಿಡಿಕೆ ಕೂರಿಸುತ್ತಾರೆ. ಆದರೆ ಅಳತೆಪಟ್ಟಿಗಿಂತ ಮೊದಲು ಬಳಸುವವರನ್ನು ಕೇಳಿ. ನಮ್ಮತ್ತೆಯನ್ನು ಕಮೋಡಿನ ಮೇಲೆ ಕೂರಿಸಿ, ಏಳುವಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿದೆವು. ಅದು ನಾವು ಅಂದಾಜಿಸಿದ್ದಕ್ಕಿಂತ ಒಂದು ಗೇಣು ಮುಂದಿತ್ತು. "ಇಷ್ಟು ವರ್ಷದಲ್ಲಿ ಈಗ ಕೇಳಿದಿರಲ್ಲಾ" ಅಂದರು.

ಟೈಲ್ಸಿಗೆ ಅದರದೇ ಡ್ರಿಲ್ ಬಿಟ್ ಬೇಕು, ತೂತು ಟೈಲ್ಸ್ ದಾಟುವವರೆಗೆ ಹ್ಯಾಮರ್ ಮೋಡ್ ಹಾಕಬಾರದು, ಟೈಲ್ಸ್ ಸೀಳುತ್ತದೆ. ಸ್ಕ್ರೂ ಗಟ್ಟಿ ಗೋಡೆಗೆ ಇಳಿಯಬೇಕು. ಟೊಳ್ಳು ಬ್ಲಾಕ್ ಗೋಡೆಯಾದರೆ ಮೇಸ್ತ್ರಿಗೆ ತೋರಿಸಿ. ರಬ್ಬರ್ ಬಟ್ಟಲಿನಿಂದ ಅಂಟಿಸುವ ಹಿಡಿಕೆಯನ್ನು ನಾನಂತೂ ನಂಬುವುದಿಲ್ಲ. ಹಾಕಿದ ಮೇಲೆ ಮನೆಯಲ್ಲಿ ದಪ್ಪಗಿರುವವರು ಜೋತುಬಿದ್ದು ನೋಡಲಿ.

ಡ್ರಿಲ್ ಹಿಡಿಯುವ ಹೊತ್ತನ್ನು ಕೆಳಗಿನ ಮನೆಗೆ ಹೇಳಿಟ್ಟಿರಿ, ಮಗು ಮಲಗುವ ಸಮಯವಾಗಿರಬಹುದು. ಪ್ಲಂಬರ್ ಬರುವ ಮುಂಚೆ ಬಕೆಟ್ಟು, ಸೋಪಿನ ಡಬ್ಬಿ, ಒದ್ದೆ ಬಟ್ಟೆ ಹೊರಗಿಡಿ. ಬಂದವರಿಗೆ ಕೂರಲು ಒಂದು ಮಣೆ, ಕೆಲಸ ಅರ್ಧವಾದಾಗ ಒಂದು ಲೋಟ ಟೀ. ನಮಗೆ ಬಂದವರು ಹೋಗುವಾಗ ನೆಲದ ಜಾಲರಿಯ ಕೂದಲು ತೆಗೆದು, ಸಡಿಲವಾಗಿದ್ದ ಹೆಲ್ತ್ ಫಾಸೆಟ್ ಕೂಡ ಬಿಗಿಮಾಡಿ ಹೋದರು. ಅದರ ಕೂಲಿ ಕೇಳಲಿಲ್ಲ.

ಸಣ್ಣಪುಟ್ಟದ್ದು

ಒಳಗಿನ ಚಿಲಕ ತೆಗೆದು, ಹೊರಗಿನಿಂದ ನಾಣ್ಯ ತಿರುಗಿಸಿ ತೆರೆಯಬಹುದಾದ ಲಾಕ್ ಹಾಕಿ. ಕೊಕ್ಕೆಯೊಂದನ್ನು ಮಕ್ಕಳ ಎತ್ತರಕ್ಕೆ ಇಡಿ. ಗ್ಯಾಸ್ ಗೀಸರ್ ಬಚ್ಚಲೊಳಗಿದ್ದರೆ ಬಣ್ಣ ಬಳಿಯುವ ಯೋಚನೆ ಬಿಟ್ಟು ಮೊದಲು ಅದನ್ನು ಗಾಳಿಯಾಡುವ ಹೊರಜಾಗಕ್ಕೆ ಸಾಗಿಸಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇರುವುದಿಲ್ಲ.

ಹಬ್ಬದ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿದವರು ನೆಲಕ್ಕೆ ಒಂದು ಹಿಡಿ ಸೀಗೆಪುಡಿ ಎರಚಿ ಉಜ್ಜಿ, ಬಿಸಿನೀರು ಹುಯ್ದು ಬನ್ನಿ. ಬರುವಾಗ ಬಕೆಟ್ ತುಂಬಿಟ್ಟಿರಿ. ಮುಂದಿನ ಸರದಿ ಅಜ್ಜಿಯದು.